ನುಡಿ ಫೈಲ್‌ಗಳು ತುಂಬಿರೋ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದಾ?

ಸಂಘದ_ಕಾರ್ಯದರ್ಶಿ
ನಮಸ್ಕಾರ ಎಲ್ರಿಗೂ. ಸಂಘದ ಆಫೀಸಿನ ಲ್ಯಾಪ್‌ಟಾಪು: ಐ3 ಐದನೇ ಜನರೇಶನ್, 4 ಜಿಬಿ ರ್ಯಾಮ್, 500 ಜಿಬಿ ತಿರುಗೋ ಹಾರ್ಡ್‌ಡಿಸ್ಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಇದರ ಪ್ರೊಸೆಸರ್‌ಗೆ ಆಗಲ್ಲ. ಲಿನಕ್ಸ್ ಹಾಕೋ ಯೋಚನೆ ಇದೆ. ತೊಡಕು ಒಂದೇ: 2006ರಿಂದ ಇರೋ ನಡಾವಳಿ, ಆಮಂತ್ರಣ, ಸ್ಮರಣ ಸಂಚಿಕೆ ಎಲ್ಲಾ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟಿನ ವರ್ಡ್ ಫೈಲುಗಳು, ಸುಮಾರು 900 ಇವೆ. ಲಿನಕ್ಸಿನಲ್ಲಿ ಇವು ತೆರೀತಾವಾ? ನುಡಿ ಕೀಲಿಮಣೆಗೆ ಕೈ ಒಗ್ಗಿರೋರು ಅದರಲ್ಲೇ ಟೈಪ್ ಮಾಡಬಹುದಾ?

ಟಕ್ಸ್_ತುಮಕೂರು
ಎರಡಕ್ಕೂ ಹೌದು. ಲಿನಕ್ಸಿನ ಬಗೆಗಳಲ್ಲಿ (ಡಿಸ್ಟ್ರೋ) ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಆವೃತ್ತಿ ಹಾಕಿ. ಉಬುಂಟು 24.04ರ ಬುಡ, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರತ್ತೆ. 4 ಜಿಬಿಗೆ ಮಿಂಟ್‌ನ ಇನ್ನೊಂದು ಡೆಸ್ಕ್‌ಟಾಪ್ ಸಿನಮನ್ ಭಾರ ಆಗತ್ತೆ.

ಹುಬ್ಬಳ್ಳಿ_ಶೆಲ್
ಮೊದ್ಲ ಆ ತಿರುಗೋ ಡಿಸ್ಕ್ ತಗೀರಿ. ಅದು ಇರೂತನಕ ಯಾವ ಡಿಸ್ಟ್ರೋ ಹಾಕಿದ್ರೂ ಹಂಗ ತೆವಳತೈತಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಜಿಬಿ ಇದ್ರ ಭಾಳಾತು. ಹಿಂದಿನ ಮುಚ್ಚಳಕ್ಕ ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಹಳೇ ಡಿಸ್ಕ್ ಅಳಿಸಬ್ಯಾಡ್ರಿ, ಯುಎಸ್‌ಬಿ ಕೇಸಿನ್ಯಾಗ ಹಾಕಿ ಕಪಾಟಿನ್ಯಾಗ ಇಡ್ರಿ. ಅದೇ ನಿಮ್ಮ ಬ್ಯಾಕಪ್. ಮೆಮೊರಿ ಹೆಚ್ಚಿಸೂದಿದ್ರ ನೋಡಿ ತಗೋರಿ: ಐದನೇ ಜನರೇಶನ್ನಿಗೆ ಸಾಮಾನ್ಯ ಡಿಡಿಆರ್3ಎಲ್ ಬರತೈತಿ, 1.35 ವೋಲ್ಟಿಂದು. 1.5 ವೋಲ್ಟಿನ ಕಡ್ಡಿ ಹಾಕಿದ್ರ ಮಷೀನ್ ಏಳಂಗಿಲ್ಲ.

ದೇಬಿಯನ್_ದಾಸ
ಮಿಂಟ್ ಯಾಕೆ? ಡೆಬಿಯನ್ 13 ಬಂದಿದೆ (2025ರ ಆಗಸ್ಟ್), ಅದಕ್ಕೇ ಎಕ್ಸ್‌ಎಫ್‌ಸಿಇ ಹಾಕಿದ್ರೆ ಇನ್ನೂ ಹಗುರ. ಮೆಮೊರಿಯಲ್ಲಿರೋದನ್ನ ಕುಗ್ಗಿಸಿ ಜಾಗ ಉಳಿಸೋ ಝೀರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ, ಇಟಿಸಿ ಕೆಳಗೆ ಡೀಫಾಲ್ಟ್, ಅದರೊಳಗಿನ ಝೀರ‍್ಯಾಮ್‌ಸ್ವಾಪ್ ಫೈಲಲ್ಲಿ ಆಲ್ಗೊ ಅನ್ನೋದಕ್ಕೆ ಝೆಡ್‌ಎಸ್‌ಟಿಡಿ, ಪರ್ಸೆಂಟ್‌ಗೆ 50 ಕೊಟ್ಟರೆ 4 ಜಿಬಿಯಲ್ಲೂ ಬ್ರೌಸರ್ ಉಸಿರಾಡತ್ತೆ.

ಟಕ್ಸ್_ತುಮಕೂರು
ಡೆಬಿಯನ್ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಸಂಘದ ಆಫೀಸಲ್ಲಿ ಐದು ಜನ ಕೂರ್ತಾರೆ. ಡ್ರೈವರ್ ಮ್ಯಾನೇಜರ್, ಟೈಮ್‌ಶಿಫ್ಟ್ ಎರಡೂ ಮಿಂಟ್‌ನಲ್ಲಿ ಕಣ್ಣೆದುರಿಗೇ ಇವೆ. ಅಪ್‌ಡೇಟ್ ಕೆಟ್ಟರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗೋದು ನಾಲ್ಕು ಕ್ಲಿಕ್ಕು.

ಕರಾವಳಿ_ಕರ್ನಲ್
ಮಾರಾಯ್ರೆ, ಡಿಸ್ಟ್ರೋ ಜಗಳ ಆಮೇಲೆ ಮಾಡುವ. ಇವರಿಗೆ ಇನ್‌ಸ್ಟಾಲ್ ಹೊತ್ತಿಗೆ ಎಲ್ಲಿ ಸಿಕ್ಕಿಹಾಕಿಕೊಳ್ಳಲಿಕ್ಕೆ ಉಂಟು ಅದನ್ನು ಹೇಳುವ.

8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿದ ಮೇಲೆ ಶಾ256ಸಮ್ ಕಮಾಂಡ್ ಹಾಕಿ ಸೈಟಿನಲ್ಲಿರುವ ಸಂಖ್ಯೆಗೆ ತಾಳೆ ನೋಡಿ. ಅರ್ಧ ಇಳಿದ ಐಎಸ್‌ಒ ಬೂಟ್ ಆದರೂ ನಡುವಲ್ಲಿ ಕೈ ಕೊಡಬಹುದು.

ಹಳೇ ಡಿಸ್ಕಿನಿಂದ ಫೈಲ್ ನಕಲು ಮಾಡುವ ಮೊದಲು ವಿಂಡೋಸಿನಲ್ಲೇ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಆಫ್. ಇದು ಬಿಟ್ಟರೆ ಶಟ್‌ಡೌನ್ ಅಂದ್ರೂ ವಿಂಡೋಸ್ ನಿಜವಾಗಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರ್ತದೆ. ಆಗ ಲಿನಕ್ಸ್ ಆ ವಿಭಾಗವನ್ನು ಓದಲು ಮಾತ್ರ ಕೊಡ್ತದೆ, ಬರೆಯಲು ಬಿಡುವುದಿಲ್ಲ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ ಸಾಟಾ ಮೋಡ್ ಆರ್‌ಎಸ್‌ಟಿ ಅಂತ ಇರಬಹುದು, ಎಎಚ್‌ಸಿಐ ಮಾಡಿ. ವೈಫೈ ಬಾರದಿದ್ದರೆ ಹೆದರಬೇಡಿ. ಫೋನನ್ನು ಕೇಬಲಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬಂತು. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದು ಅದೇ ತೋರಿಸ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳ್ತದೆ, ಮುಂದಿನ ಬೂಟಿನಲ್ಲಿ ನೀಲಿ ಪರದೆ ಬರ್ತದೆ. ಅಲ್ಲಿ ಎನ್ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯನ್ನು ಹಾಗೇ ದಾಟಿಬಿಟ್ಟರೆ ಡ್ರೈವರ್ ಹಾಕಿಯೂ ಹಾಕದ ಹಾಗೆ.

ಸಂಘದ_ಕಾರ್ಯದರ್ಶಿ
ಬರ್ಕೊಂಡೆ ಸಾರ್. ಕೀಲಿಮಣೆ ವಿಷಯ?

ಒತ್ತಕ್ಷರ
ಟರ್ಮಿನಲ್ (ಕಮಾಂಡ್ ಬರೆಯೋ ಕಿಟಕಿ) ತೆಗೆದು ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ: ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್. ಆಮೇಲೆ ಐಎಂ-ಕಾನ್ಫಿಗ್ -ಎನ್ ಐಬಸ್ (ಎಲ್ಲಾ ಇಂಗ್ಲಿಷಿನ ಸಣ್ಣಕ್ಷರದಲ್ಲಿ). ಲಾಗೌಟ್ ಆಗಿ ಒಳಗೆ ಬನ್ನಿ. ಇದು ಮಾಡದೇ ‘ಬರ್ತಿಲ್ಲ’ ಅನ್ನೋರೇ ಜಾಸ್ತಿ. ಐಬಸ್-ಸೆಟಪ್ ತೆರೆದು ಇನ್‌ಪುಟ್ ಮೆಥಡ್, ಆಡ್, ಕನ್ನಡ, ಅದರೊಳಗೆ ಕೆಜಿಪಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅಂದ್ರೆ ಅದೇ, ಕೆ.ಪಿ. ರಾವ್ ರೂಪಿಸಿದ್ದು. ಎಫ್ ಒತ್ತಿದ್ರೆ ಹಲಂತ, ಕ್ಯೂ ಒತ್ತಿದ್ರೆ ಟ, ಡಬ್ಲ್ಯೂಗೆ ಡ, ಎಕ್ಸ್‌ಗೆ ಷ. ನುಡಿಯಲ್ಲಿ ಓಡೋ ಬೆರಳು ಇಲ್ಲೂ ಓಡತ್ತೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದ್ರೆ ಇಂಗ್ಲಿಷ್–ಕನ್ನಡ ಅದಲು ಬದಲು.

ಒಂದು ಎಚ್ಚರ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೂ ‘ಕನ್ನಡ, ಕಗಪ’ ಅಂತ ಇನ್ನೊಂದು ಸಿಗತ್ತೆ. ಅದು ಎಕ್ಸ್‌ಕೆಬಿ ಲೇಔಟು: ಒಂದು ಕೀಲಿಗೆ ಒಂದು ಅಕ್ಷರ, ಹಿಂದೆ ಏನಿದೆ ಅಂತ ಅದು ನೋಡಲ್ಲ. ಸ್ವರ ಎಲ್ಲಿ ಪೂರ್ತಿ ಬರಬೇಕು, ಎಲ್ಲಿ ಗುಣಿತ ಆಗಬೇಕು ಅನ್ನೋದನ್ನ ತಾನೇ ತೀರ್ಮಾನಿಸೋದು ಎಂ17ಎನ್‌ನ ಕೆಜಿಪಿ. ಎರಡನ್ನೂ ಒಟ್ಟಿಗೆ ಹಾಕ್ಕೋಬೇಡಿ, ಯಾವುದು ಆನ್ ಇದೆ ಅಂತ ಗೊತ್ತಾಗಲ್ಲ.

ನೀಲಿ_ಪೆನ್ನು
ಲಿಬ್ರೆಆಫೀಸಲ್ಲಿ (ಲಿನಕ್ಸಿನಲ್ಲಿ ವರ್ಡ್ ಬದಲು ಬಳಸೋದು) ಮಾತ್ರ ಕನ್ನಡ ಬರ್ತಿಲ್ಲ, ಬೇರೆ ಕಡೆ ಬರ್ತಿದೆ ಅಂತಾದ್ರೆ ಲಿಬ್ರೆಆಫೀಸ್-ಜಿಟಿಕೆ3 ಪ್ಯಾಕೇಜ್ ಹಾಕಿ. ಮತ್ತೆ ಕೊನೇ ಅಕ್ಷರದ ಕೆಳಗೆ ಗೆರೆ ಇರುವಾಗ ಮೌಸ್ ಬೇರೆ ಕಡೆ ಕ್ಲಿಕ್ ಮಾಡಬೇಡಿ. ಅಕ್ಷರ ಹಾರಿಹೋಗಬಹುದು. ಸ್ಪೇಸ್ ಕೊಟ್ಟು ಆಮೇಲೆ ಸರಿಯಿರಿ.

ಹೊಸಬ_ರಾಯಚೂರು
ನುಡಿ ತಂತ್ರಾಂಶಾನೇ ವೈನ್ (ಲಿನಕ್ಸಿನ್ಯಾಗ ವಿಂಡೋಸ್ ತಂತ್ರಾಂಶ ಓಡಿಸೂದು) ಒಳಗ ಹಾಕಿದ್ರ ಆಗಂಗಿಲ್ಲೇನ್ರಿ?

ಒತ್ತಕ್ಷರ
@ಹೊಸಬ_ರಾಯಚೂರು ಹಾಕಬಹುದು, ಪ್ರಯೋಜನ ಇಲ್ಲ. ವೈನ್ ಒಳಗಿನ ನುಡಿ, ವೈನ್ ಒಳಗಿನ ಕಿಟಕಿಗಳ ಕೀಲಿಗಳನ್ನ ಮಾತ್ರ ಹಿಡಿಯೋಕೆ ಸಾಧ್ಯ. ಹೊರಗಿರೋ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗೆ ಅದು ಕೈ ಹಾಕೋಕಾಗಲ್ಲ.

ಅಚ್ಚುಮೊಳೆ
ಈಗ ಅಸಲು ವಿಷಯಕ್ಕೆ ಬರೋಣ. ಲಿನಕ್ಸ್ ಹಾಕೋದು ಒಂದು ಮಧ್ಯಾಹ್ನದ ಕೆಲಸ. 900 ನುಡಿ ಫೈಲು ಹಾಗಲ್ಲ, ಅದನ್ನ ಯೂನಿಕೋಡ್‌ಗೆ (ಎಲ್ಲ ಕಡೆ ಓದಬಲ್ಲ ಅಕ್ಷರ ಸಂಕೇತಗಳು) ಬದಲಿಸೋದನ್ನ ವಿಂಡೋಸಿನಲ್ಲೇ ಉಳಿದರೂ ಇವತ್ತಲ್ಲ ನಾಳೆ ಮಾಡಲೇಬೇಕು. ಅದರೊಳಗಿರೋದು ಕನ್ನಡವೇ ಅಲ್ಲ, ಲ್ಯಾಟಿನ್ ಅಕ್ಷರಗಳ ಸಾಲು. ಫಾಂಟು ಅದರ ಮೇಲೆ ಕನ್ನಡದ ಚಿತ್ರ ಹೊದಿಸಿರತ್ತೆ ಅಷ್ಟೇ. ಹಾಗಾಗಿ ಫಾಂಟ್ ಇಲ್ಲದ ಕಡೆ ಟೋಪಿ, ಕೊಂಬು ಇಟ್ಟ ಇಂಗ್ಲಿಷ್ ಅಕ್ಷರ ಕಾಣೋದು, ಹುಡುಕಿದರೆ ಏನೂ ಸಿಗದೇ ಇರೋದು.

ಮೊದಲ ಹಂತ, ಬರೀ ಓದೋಕೆ: ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ನುಡಿ ಟಿಟಿಎಫ್ ಫೈಲುಗಳನ್ನ ನಕಲು ಮಾಡಿ, ಲಿನಕ್ಸಿನಲ್ಲಿ ನಿಮ್ಮ ಹೋಮ್ ಫೋಲ್ಡರೊಳಗೆ ಡಾಟ್ ಲೋಕಲ್, ಶೇರ್, ಫಾಂಟ್ಸ್ ಅಂತ ಫೋಲ್ಡರ್ ಮಾಡಿ ಹಾಕಿ. ಎಫ್‌ಸಿ-ಕ್ಯಾಶ್ -ಎಫ್ ಓಡಿಸಿ. ನುಡಿ 01 ಇ, ನುಡಿ 01 ಕೆ ಎರಡೂ ಇರಲಿ. ಇ ಅಂದ್ರೆ ಇಂಗ್ಲಿಷ್ ಅಂಕಿ, ಕೆ ಅಂದ್ರೆ ಕನ್ನಡ ಅಂಕಿ. ಒಂದರ ಬದಲು ಇನ್ನೊಂದು ಬಂದರೆ ಲೆಕ್ಕಪತ್ರದ ಅಂಕಿಗಳೆಲ್ಲ ವೇಷ ಬದಲಿಸ್ತವೆ.

ಈ ಫೈಲುಗಳನ್ನ ಹಾಗೇ ಲಿಬ್ರೆಆಫೀಸಲ್ಲಿ ತಿದ್ದೋಕೆ ಹೋಗಬೇಡಿ. ಆಟೋಕರೆಕ್ಟ್ ಅದನ್ನ ಇಂಗ್ಲಿಷ್ ಅಂದ್ಕೊಂಡು ಎರಡನೇ ದೊಡ್ಡಕ್ಷರವನ್ನ ಸಣ್ಣದು ಮಾಡತ್ತೆ, ನುಡಿಯಲ್ಲಿ ಅದು ಬೇರೆಯದೇ ಅಕ್ಷರ. ತಿದ್ದಲೇಬೇಕಾದ್ರೆ ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್ ಪೂರ್ತಿ ಆಫ್ ಮಾಡಿ.

ಸಂಘದ_ಕಾರ್ಯದರ್ಶಿ
ಯೂನಿಕೋಡ್‌ಗೆ ಬದಲಿಸೋ ಸೈಟಿನಲ್ಲಿ ಒಂದು ಆಮಂತ್ರಣ ಹಾಕಿ ನೋಡಿದೆ. ‘ಕಾಯರ್ಕ್ರಮ’, ‘ಸೂಯರ್’, ‘ಸಕಾರ್ರ’ ಅಂತ ಬಂತು. ಮಧ್ಯೆ ಇದ್ದ ಇಂಗ್ಲಿಷ್ ಇಮೇಲ್ ವಿಳಾಸ ಕನ್ನಡದ ಕಿಚಡಿ ಆಗಿದೆ.

ಅರ್ಕಾವತ್ತು
ನನ್ನ ಹೆಸರಿನ ಸಮಸ್ಯೆನೇ ಬಂತು. ನುಡಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣೋ ಕ್ರಮದಲ್ಲೇ ಫೈಲಿನೊಳಗೂ ಕೂತಿರ್ತವೆ. ‘ಸೂರ್ಯ’ ಅಂದ್ರೆ ಸೂ, ಯ, ಅದರ ಬಲಕ್ಕೆ ಅರ್ಕಾವತ್ತಿನ ಕೊಕ್ಕೆ. ಯೂನಿಕೋಡಿನಲ್ಲಿ ಉಚ್ಚಾರಣೆ ಕ್ರಮ: ಸೂ, ರ, ಹಲಂತ, ಯ. ಪರಿವರ್ತಕ ಆ ಕೊಕ್ಕೆಯನ್ನ ಎತ್ತಿ ಯಕಾರದ ಹಿಂದಕ್ಕೆ ತರಬೇಕು. ಇದ್ದಲ್ಲೇ ರ್ ಮಾಡಿದ್ರೆ ಸೂಯರ್ ಆಗತ್ತೆ. ಒತ್ತಿದ್ದ ಅಕ್ಷರದ ಮೇಲೆ ಅರ್ಕಾವತ್ತು ಬಂದರೆ ಇನ್ನೂ ಕಷ್ಟ. ಗುಂಪು ಪೂರ್ತಿ ದಾಟಿ ಹಿಂದೆ ಹೋಗಬೇಕು, ಒಂದೇ ಅಕ್ಷರ ದಾಟಿದ್ರೆ ಸಾಲದು.

ಯಾವ ಪರಿವರ್ತಕ ಒಳ್ಳೇದು ಅಂತ ಕೇಳೋ ಬದಲು ಒಂದು ಪರೀಕ್ಷೆ ಸಾಲು ಇಟ್ಕೊಳ್ಳಿ: ಧರ್ಮ, ವರ್ಷ, ಕಾರ್ಯಕ್ರಮ, ಸರ್ಕಾರ, ಸ್ವಾತಂತ್ರ್ಯ, ರಾಷ್ಟ್ರೀಯ, ಕ್ಷೇತ್ರ, ಜ್ಞಾನ, ಕೈಂಕರ್ಯ. ಇದನ್ನ ನುಡಿಯಲ್ಲಿ ಟೈಪ್ ಮಾಡಿ, ಪರಿವರ್ತಕಕ್ಕೆ ಕೊಟ್ಟು, ಒಂಬತ್ತೂ ಸರಿ ಬಂದ್ರೆ ಮಾತ್ರ ಅದನ್ನ ನಂಬಿ. ಎಲ್ಲಾ ಮುಗಿದ ಮೇಲೆ ಫೈಲುಗಳಲ್ಲಿ ‘ಧಮರ್’, ‘ವಷರ್’, ‘ಕಾಯರ್’ ಹುಡುಕಿ. ಸಿಕ್ಕಿದ್ರೆ ಎಲ್ಲೋ ಸೋರಿದೆ ಅಂತ ಅರ್ಥ.

ಅಚ್ಚುಮೊಳೆ
ಇಂಗ್ಲಿಷ್ ಕಿಚಡಿ ಆಗೋದು ಪರಿವರ್ತಕದ ತಪ್ಪಲ್ಲ. ಎರಡೂ ಅದೇ ಲ್ಯಾಟಿನ್ ಸಂಕೇತಗಳು, ಬೇರೆ ಮಾಡೋಕೆ ಫಾಂಟ್ ಹೆಸರು ಒಂದೇ ಗುರುತು. ಕಾಪಿ ಮಾಡಿ ಸೈಟಿಗೆ ಅಂಟಿಸಿದ ತಕ್ಷಣ ಆ ಗುರುತೇ ಹೋಗತ್ತೆ. ಕೈಯಲ್ಲಿ ಮಾಡೋದಾದ್ರೆ ಫೈಂಡ್ ಅಂಡ್ ರಿಪ್ಲೇಸಲ್ಲಿ ಫಾರ್ಮ್ಯಾಟ್ ಒತ್ತಿ, ನುಡಿ ಫಾಂಟ್ ಆರಿಸಿ, ಫೈಂಡ್ ಆಲ್. ನುಡಿ ಭಾಗ ಮಾತ್ರ ಆಯ್ಕೆ ಆಗತ್ತೆ.

ಹುಬ್ಬಳ್ಳಿ_ಶೆಲ್
900 ಫೈಲ್ ಕೈಲೆ ಯಾರ ಮಾಡ್ತಾರ್ರಿ? ಎಲ್ಲಾನೂ ಒಮ್ಮೆಲೇ ಎಫ್‌ಒಡಿಟಿಗೆ ಬದಲಿಸ್ರಿ: ಎಸ್‌ಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಎಫ್‌ಒಡಿಟಿ, ಮುಂದ ಚುಕ್ಕಿ ಡಾಕ್ ಫೈಲುಗಳ ಹೆಸರು. ಓಡಿಸೂ ಮುಂಚೆ ತೆರೆದಿರೋ ಲಿಬ್ರೆಆಫೀಸ್ ಕಿಟಕಿ ಎಲ್ಲಾ ಮುಚ್ಚರಿ, ಇಲ್ಲಾಂದ್ರ ಕಮಾಂಡ್ ಸುಮ್ಮನ ಮುಗೀತೈತಿ, ಫೈಲ್ ಹುಟ್ಟಂಗಿಲ್ಲ. ಎಫ್‌ಒಡಿಟಿ ಅಂದ್ರ ಸಾದಾ ಎಕ್ಸ್‌ಎಂಎಲ್. ಮ್ಯಾಲಿನ ಸ್ಟೈಲ್ ಪಟ್ಟಿಯೊಳಗ ಯಾವ ಸ್ಟೈಲಿಗೆ ನುಡಿ ಫಾಂಟ್ ಅಂತ ಬರ್ದಿರತೈತಿ. ಪೈಥಾನಿನ್ಯಾಗ ಆ ಸ್ಟೈಲ್ ಹಚ್ಚಿದ ತುಣುಕುಗಳನ್ನಷ್ಟ ಪರಿವರ್ತಕಕ್ಕ ಕೊಟ್ಟು, ಫಾಂಟ್ ಹೆಸರು ನೋಟೊ ಸೆರಿಫ್ ಕನ್ನಡ ಮಾಡಿದ್ರ ಮುಗೀತು. ಟಿಎಕ್ಸ್‌ಟಿಗೆ ಬದಲಿಸಬ್ಯಾಡ್ರಿ, ಫಾಂಟಿನ ಗುರುತು ಅಲ್ಲೇ ಅಳಿಸಿ ಹೋಗತೈತಿ.

ದೇಬಿಯನ್_ದಾಸ
ಒಂದು ಪದವನ್ನ ವರ್ಡ್ ಎರಡು ತುಣುಕು ಮಾಡಿರೋ ಸಾಧ್ಯತೆ ಇದೆ, ‘ಸೂ’ ಒಂದರಲ್ಲಿ, ‘ಯ’ ಮತ್ತು ಕೊಕ್ಕೆ ಇನ್ನೊಂದರಲ್ಲಿ. ಕೊಕ್ಕೆ ಒಂಟಿಯಾದ್ರೆ ಅದಕ್ಕೆ ಹಿಂದಿನ ಅಕ್ಷರ ಸಿಗಲ್ಲ. ಒಂದೇ ಫಾಂಟಿನ ಅಕ್ಕಪಕ್ಕದ ತುಣುಕುಗಳನ್ನ ಮೊದಲು ಅಂಟಿಸಿ, ಆಮೇಲೆ ಪರಿವರ್ತಿಸಿ.

ನೀಲಿ_ಪೆನ್ನು
ಇಷ್ಟೆಲ್ಲ ಯಾಕೆ? ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಟೆಸೆರಾಕ್ಟ್ ಓಸಿಆರ್ (ಚಿತ್ರದಿಂದ ಅಕ್ಷರ ಓದಿಸೋದು) ಮಾಡಿದ್ರಾಯ್ತಲ್ಲ.

ಅಚ್ಚುಮೊಳೆ
ಖಂಡಿತ ಬೇಡ. ಅಕ್ಷರ ಕೈಯಲ್ಲಿದ್ದಾಗ ಚಿತ್ರ ಮಾಡಿ ಮತ್ತೆ ಊಹೆ ಮಾಡಿಸೋದು ಯಾಕೆ? ಓಸಿಆರ್ ಬೇಕಾಗೋದು ಕಾಗದ ಮಾತ್ರ ಉಳಿದಿರೋ ಕಡೆ. ನುಡಿಯಿಂದ ಮಾಡಿದ ಪಿಡಿಎಫ್ ಇದ್ರೂ ಮೊದಲು ಪಿಡಿಎಫ್‌ಫಾಂಟ್ಸ್ ಕಮಾಂಡ್ ಓಡಿಸಿ. ನುಡಿ ಹೆಸರು ಕಂಡು, ಎನ್‌ಕೋಡಿಂಗ್ ವಿನ್‌ಆನ್ಸಿ ಅಂತಿದ್ರೆ ಪಿಡಿಎಫ್‌ಟುಟೆಕ್ಸ್ಟ್ ಕೊಡೋ ಪಠ್ಯವನ್ನೇ ಪರಿವರ್ತಕಕ್ಕೆ ಹಾಕಬಹುದು. ಕಸ್ಟಮ್ ಅಂತಿದ್ದು ಪಠ್ಯ ಅರ್ಥವಿಲ್ಲದ್ದು ಬಂದ್ರೆ ಆಗ ಓಸಿಆರ್.

ಟಕ್ಸ್_ತುಮಕೂರು
ಓಸಿಆರ್ ಮಾಡೋರಿಗೆ: ಟೆಸೆರಾಕ್ಟ್-ಓಸಿಆರ್-ಕನ್ ಪ್ಯಾಕೇಜ್ ಬೇಕು. ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ ಅಂತ ಪುಟಗಳನ್ನ ತೆಗೀರಿ. 300 ಡಿಪಿಐಗಿಂತ ಕಡಿಮೆ ಬೇಡ, ಒತ್ತುಗಳು ಕರಗಿಹೋಗ್ತವೆ. ಒಂದೇ ಕಾಲಂ ಪುಟಕ್ಕೆ --ಪಿಎಸ್‌ಎಂ 6 ಕೊಟ್ಟರೆ ಸಾಲುಗಳು ಕಲಸಿಹೋಗೋದು ಕಡಿಮೆ. ಕನ್ನಡ ಇಂಗ್ಲಿಷ್ ಎರಡೂ ಇದ್ರೆ ಭಾಷೆ ಜಾಗದಲ್ಲಿ ಕನ್+ಎಂಗ್. ಕಿಟಕಿ ಇರೋ ತಂತ್ರಾಂಶ ಬೇಕಾದ್ರೆ ಜಿಇಮೇಜ್‌ರೀಡರ್.

ಕರಾವಳಿ_ಕರ್ನಲ್
ಲಿಬ್ರೆಆಫೀಸಲ್ಲಿ ಇನ್ನೊಂದು ಎಲ್ಲರೂ ಎಡವುವ ಜಾಗ ಉಂಟು. ಕನ್ನಡ ಪಠ್ಯ ಆಯ್ಕೆ ಮಾಡಿ ಸೈಜ್ 12 ಅಂತ ಕೊಟ್ಟರೂ ಇಂಗ್ಲಿಷ್ ಮಾತ್ರ ಬದಲಾಗ್ತದೆ ಅಂತ ದೂರು ಬರ್ತದಲ್ಲ, ಅದಕ್ಕೆ ಕಾರಣ ಕನ್ನಡಕ್ಕೆ ಬೇರೆ ಫಾಂಟ್ ಪೆಟ್ಟಿಗೆ ಇರುವುದು. ಆಪ್ಷನ್ಸಿನಲ್ಲಿ ಭಾಷೆಯ ಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಟಿಕ್ ಮಾಡಿ, ಕನ್ನಡ ಆರಿಸಿ. ಆಮೇಲೆ ಸ್ಟೈಲ್ ತಿದ್ದುವಲ್ಲಿ ಫಾಂಟ್ ಟ್ಯಾಬಿನ ಕೆಳಗೆ ಸಿಟಿಎಲ್ ಅಂತ ಎರಡನೇ ಸಾಲು ಬರ್ತದೆ. ಅಲ್ಲಿ ನೋಟೊ ಸೆರಿಫ್ ಕನ್ನಡವೋ ಲೋಹಿತ್ ಕನ್ನಡವೋ ಇಟ್ಟು, ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲಲ್ಲೇ ಮಾಡಿಬಿಡಿ. ಪ್ರತಿ ಸಲ ಆಯ್ಕೆ ಮಾಡಿ ಬದಲಿಸುತ್ತಾ ಕೂರಬೇಡಿ. ಸಾಲಿನ ಕೊನೆಯಲ್ಲಿ ಉದ್ದ ಪದಗಳು ಹಾರಿ ಖಾಲಿ ಜಾಗ ಬಿಡುವುದಾದರೆ ಹೈಫನ್-ಕೆಎನ್ ಪ್ಯಾಕೇಜ್ ಹಾಕಿ ಹೈಫನೇಶನ್ ಆನ್ ಮಾಡಿ.

ಅಚ್ಚುಮೊಳೆ
ಫಾಂಟಿಗೆ ಗುಬ್ಬಿ, ನವಿಲು ಕೂಡ ನೋಡಿ, ಎರಡೂ ಮುಕ್ತ. ನವಿಲು ಕೈಬರಹದ ಥರ, ಆಮಂತ್ರಣಕ್ಕೆ ಚೆನ್ನ. ಸ್ಮರಣ ಸಂಚಿಕೆಗೆ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ 1.6 ಬಳಸಿ. ಹಳೇ 1.4ರಲ್ಲಿ ಕನ್ನಡದ ಒತ್ತುಗಳು ಕೂರ್ತಾನೇ ಇರಲಿಲ್ಲ. ಆ ಹಳೇ ಅನುಭವ ಹಿಡ್ಕೊಂಡು ‘ಸ್ಕ್ರೈಬಸ್‌ಗೆ ಕನ್ನಡ ಬರಲ್ಲ’ ಅನ್ನೋರು ಈಗಲೂ ಇದ್ದಾರೆ. ಹಳೇ ಪೇಜ್‌ಮೇಕರ್ ಫೈಲುಗಳಿದ್ರೆ ಲಿಬ್ರೆಆಫೀಸ್ ಡ್ರಾ ತೆರೆದು ನೋಡಿ, 6, 7ನೇ ಆವೃತ್ತಿಯವು ಎಷ್ಟೋ ಮಟ್ಟಿಗೆ ತೆರೀತವೆ. ಒಳಗಿನ ಪಠ್ಯ ನುಡಿಯದೇ, ಅದಕ್ಕೂ ಇದೇ ಪರಿವರ್ತನೆ.

ಮೆನು_ಮುಕುಂದ
ಮಿಂಟ್‌ಗೆ ಕನ್ನಡ ಭಾಷೆ ಹಾಕಿದ್ರೆ ಮೆನುಗಳೂ ಕನ್ನಡ ಆಗ್ತಾವಾ? ‘ಕಡತ’, ‘ಉಳಿಸು’ ಅಂತೆಲ್ಲ ಇರತ್ತಂತೆ, ಯಾರಿಗೆ ಅರ್ಥ ಆಗತ್ತೆ ಅದು? ಫೈಲ್, ಸೇವ್ ಅಂತಲೇ ಬರೀಬಾರದಾ?

ಒತ್ತಕ್ಷರ
‘ಉಳಿಸು’ ಅರ್ಥ ಆಗದೇ ಇರೋ ಕನ್ನಡದೋರು ಯಾರಿದ್ದಾರೆ? ಕಷ್ಟ ಇರೋದು ಅರ್ಧಂಬರ್ಧ ಅನುವಾದದಲ್ಲಿ. ಒಂದೇ ಮೆನುವಿನಲ್ಲಿ ಎರಡು ಸಾಲು ಕನ್ನಡ, ಮೂರು ಸಾಲು ಇಂಗ್ಲಿಷ್.

ಮೆನು_ಮುಕುಂದ
ಅದೇ ನಾನು ಹೇಳೋದೂ. ಆಡುಮಾತಿನ ಪದ ಇಟ್ಟರೆ ಅನುವಾದ ಬೇಗ ಮುಗಿಯತ್ತೆ.

ನೀಲಿ_ಪೆನ್ನು
ಗ್ನೋಮ್ (ಲಿನಕ್ಸಿನ ಒಂದು ಡೆಸ್ಕ್‌ಟಾಪ್) ಅನುವಾದ ಡ್ಯಾಮ್ಡ್ ಲೈಸ್ ಅನ್ನೋ ತಾಣದಲ್ಲಿ, ಫೈರ್‌ಫಾಕ್ಸಿಂದು ಪೊಂಟೂನಲ್ಲಿ ನಡಿಯತ್ತೆ. ಖಾತೆ ಮಾಡ್ಕೊಂಡು ದಿನಕ್ಕೆ ಹತ್ತು ಸಾಲು ಮಾಡಿದ್ರೂ ಸಾಕು. ಪದದ ಮೇಲೆ ತಕರಾರಿದ್ರೆ ಅಲ್ಲೇ ಸಲಹೆ ಹಾಕಬಹುದು.

ಅರ್ಕಾವತ್ತು
ವಿಷಯಾಂತರವೇ ಆಗಲಿ, ಒಂದು ಹೇಳ್ತೀನಿ. ಮೊದಲ ಪೋಸ್ಟಲ್ಲಿ ‘ರ್ಯಾಮ್’ ಅಂತಿದೆ, ಅದನ್ನ ಓದಿದ್ರೆ ಅರ್ಕಾವತ್ತು ಯ ಮೇಲೆ ಕೂತಿದೆ. ‘ರ‍್ಯಾಮ್’ ಅಂತ ಬರಬೇಕಾದ್ರೆ ರ ಆದ ಮೇಲೆ ಹಲಂತಕ್ಕೆ ಮುಂಚೆ ಕಣ್ಣಿಗೆ ಕಾಣದ ಜೋಡಕ ಅಕ್ಷರ, ಯೂನಿಕೋಡ್ ಸಂಕೇತ 200ಡಿ, ಹಾಕಬೇಕು. ‘ಲ್ಯಾಪ್‌ಟಾಪ್’ನಲ್ಲಿ ಪಗೆ ಟ ಒತ್ತಾಗದಂತೆ ತಡೆಯೋದು 200ಸಿ, ಅದು ಹಲಂತದ ನಂತರ. ಲಿಬ್ರೆಆಫೀಸಲ್ಲಿ ಇಂಗ್ಲಿಷ್ ಕೀಲಿಮಣೆಗೆ ಬಂದು 200ಸಿ ಟೈಪಿಸಿ ಆಲ್ಟ್ ಎಕ್ಸ್ ಒತ್ತಿ. ಕನ್ನಡ ಆನ್ ಇಟ್ಟು ಒತ್ತಿದ್ರೆ ಸಿ ಬದಲು ಚ ಬರತ್ತೆ, ಕೆಲಸ ಆಗಲ್ಲ.

ದೇಬಿಯನ್_ದಾಸ
ಫೈಲುಗಳಿಗೆ ಉದ್ದ ಕನ್ನಡ ಹೆಸರು ಇಟ್ಟಿದ್ದೀರಾ? ಲಿನಕ್ಸ್ ಡಿಸ್ಕಿನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದ್ರೆ 85 ಸಂಕೇತ. ಗುಣಿತ, ಹಲಂತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ವಾರ್ಷಿಕ ಮಹಾಸಭೆಯ ನಡಾವಳಿ’ ಅಂತ ಶುರು ಮಾಡಿ ಸ್ಥಳ, ದಿನಾಂಕ, ಅಧ್ಯಕ್ಷರ ಹೆಸರು ಸೇರಿಸಿದ್ರೆ ದಾಟಿಹೋಗತ್ತೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಇದ್ದದ್ದು ನಕಲಾಗುವಾಗ ‘ಹೆಸರು ತುಂಬಾ ಉದ್ದ’ ಅಂತ ಆ ಫೈಲ್ ಮಾತ್ರ ಬಿಟ್ಟುಹೋಗತ್ತೆ. ನಕಲಾದ ಮೇಲೆ ಎರಡೂ ಕಡೆ ಫೈಲುಗಳ ಎಣಿಕೆ ನೋಡಿ.

ಸಂಘದ_ಕಾರ್ಯದರ್ಶಿ
ಎಣಿಕೆ ಸರಿ ಇದೆ. ಪರೀಕ್ಷೆಗೆ 30 ಫೈಲು ಪರಿವರ್ತಿಸಿ ನೋಡಿದ್ದಾಯ್ತು, ಅರ್ಕಾವತ್ತು ಸರಿ ಬಂದಿದೆ. ಆದ್ರೆ ‘ದೇವಸ್ಥಾನ’ ಅಂತ ಹುಡುಕಿದ್ರೆ ಕೆಲವು ಫೈಲಲ್ಲಿ ಸಿಗತ್ತೆ, ಕೆಲವದ್ರಲ್ಲಿ ಕಣ್ಣೆದುರು ಇದ್ರೂ ಸಿಗಲ್ಲ.

ಅರ್ಕಾವತ್ತು
ದೀರ್ಘ ಬೇರೆ ಸಂಕೇತವಾಗಿ ಉಳಿದಿದೆ. ನುಡಿಯಲ್ಲಿ ‘ದೇ’ ಅಂದ್ರೆ ದೆ ಮತ್ತು ಪಕ್ಕದ ದೀರ್ಘದ ಚಿಹ್ನೆ, ಎರಡು ತುಂಡು. ಪರಿವರ್ತಕ ಅದನ್ನ ಎತ್ವ 0ಸಿಸಿ6, ದೀರ್ಘ 0ಸಿಡಿ5 ಅಂತ ಹಾಗೇ ಬಿಟ್ಟಿದೆ. ನೀವು ಟೈಪ್ ಮಾಡೋ ‘ದೇ’ನಲ್ಲಿ ಒಂದೇ ಸಂಕೇತ, 0ಸಿಸಿ7. ಕಣ್ಣಿಗೆ ವ್ಯತ್ಯಾಸ ಇಲ್ಲ, ಹುಡುಕಾಟಕ್ಕೆ ಎರಡೂ ಬೇರೆ ಪದ. ಈ, ಓ, ಐ ಗುಣಿತಗಳಿಗೂ ಇದೇ ಕಥೆ.

ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜ್ ಹಾಕಿ, ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ ಅಂತ ಎಫ್‌ಒಡಿಟಿ ಫೈಲುಗಳ ಮೇಲೆ ಓಡಿಸಿ, -ಒ ಕೊಟ್ಟು ಬೇರೆ ಹೆಸರಿಗೆ ಬರೆಸಿ. ತುಂಡುಗಳೆಲ್ಲ ಕೂಡ್ಕೊಂಡು ಒಂದಾಗ್ತವೆ. ಪೈಥಾನಲ್ಲೇ ಮಾಡ್ತಿದ್ರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್, ಒಂದೇ ಸಾಲು.

ಸಂಘದ_ಕಾರ್ಯದರ್ಶಿ
ಬಂತು ಸಾರ್! 30ರಲ್ಲೂ ಸಿಗ್ತಿದೆ ಈಗ. ಉಳಿದದ್ದಕ್ಕೂ ಹಚ್ತೀವಿ.

ಹುಬ್ಬಳ್ಳಿ_ಶೆಲ್
ಹಚ್ಚೂ ಮುಂಚೆ ಇನ್ನೊಂದು ನೋಡ್ರಿ. ಅನುಸ್ವಾರ ಇರೂ ಜಾಗದಾಗ ಕನ್ನಡ ಸೊನ್ನೆ ಒತ್ತಿರತಾರ, ‘ಸ೦ಘ’ ಅಂತ. ಕಣ್ಣಿಗೆ ‘ಸಂಘ’ನ. ಆದ್ರ ಎಲ್ಲಾ ಸೊನ್ನಿ ಒಮ್ಮೆಲೇ ಬದಲಿಸಬ್ಯಾಡ್ರಿ, ೨೦೦೬ ಅಂತ ಇದ್ದ ಇಸವಿನೂ ಕೆಡತಾವ. ಸೊನ್ನಿ ಹಿಂದ ಅಕ್ಷರ ಇಲ್ಲಾ ಗುಣಿತ ಇದ್ದಲ್ಲಿ ಮಾತ್ರ ಅನುಸ್ವಾರ ಮಾಡ್ರಿ, ಹಿಂದ ಅಂಕಿ ಇದ್ರ ಮುಟ್ಟಬ್ಯಾಡ್ರಿ.